ಎಕ್ಸಾಸ್ಟ್ ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ಅಡುಗೆಮನೆಯ ಹೊಗೆ ಏಕೆ ಹೊರಗೆ ಹೋಗುವುದಿಲ್ಲ?

ಹೊರಗೆ ಹೋಗುವಷ್ಟೇ ಗಾಳಿ ಒಳಗೆ ಬರಲು ದಾರಿಯಿಲ್ಲದಿರುವುದೇ ಹೆಚ್ಚಾಗಿ ಇದಕ್ಕೆ ಕಾರಣ. ವಿಜಯಪುರದ ಬೇಸಿಗೆಯಲ್ಲಿ ಧೂಳಿಗೂ ಬಿಸಿಗಾಳಿಗೂ ಅಂಜಿ ಕಿಟಕಿ, ಬಾಗಿಲುಗಳನ್ನೆಲ್ಲ ಮುಚ್ಚಿಕೊಂಡು ರೊಟ್ಟಿ ಬೇಯಿಸುವಾಗ, ಫ್ಯಾನ್ ಸ್ವಲ್ಪ ಗಾಳಿಯನ್ನು ಹೊರಹಾಕಿದೊಡನೆ ಕೋಣೆಯೊಳಗಿನ ಒತ್ತಡ ಕುಸಿಯುತ್ತದೆ. ಆಮೇಲೆ ರೆಕ್ಕೆಗಳು ತಿರುಗಿದರೂ ಸಾಗುವ ಗಾಳಿ ಬಹಳ ಕಡಿಮೆ. ಆದ್ದರಿಂದ ಫ್ಯಾನಿಗೆ ಎದುರಾಗಿರುವ ಬಾಗಿಲನ್ನೋ ಕಿಟಕಿಯನ್ನೋ ಸ್ವಲ್ಪ ತೆರೆದಿಡಿ. ಫ್ಯಾನಿನ ಪಕ್ಕದ ಕಿಟಕಿಯನ್ನು ತೆರೆಯುವುದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿಂದ ಬಂದ ಗಾಳಿ ಒಲೆಯ ಕಡೆ ಹಾಯದೆ ನೇರವಾಗಿ ಹೊರಟುಹೋಗುತ್ತದೆ.

ಇಷ್ಟಾದರೂ ಹೊಗೆ ಒಳಗೇ ಉಳಿದರೆ ರೆಕ್ಕೆಗಳನ್ನು ನೋಡಿ. ಒಗ್ಗರಣೆಯ ಎಣ್ಣೆಜಿಡ್ಡಿಗೆ ನಮ್ಮ ಕಡೆಯ ಧೂಳು ಸೇರಿ ದಪ್ಪ ಪದರವಾಗಿರುತ್ತದೆ. ಮೇನ್ ಸ್ವಿಚ್ ಆರಿಸಿ, ರೆಕ್ಕೆಯನ್ನು ಬಿಚ್ಚಿ ಸೋಪು ಬೆರೆಸಿದ ಬಿಸಿನೀರಿನಲ್ಲಿ ತೊಳೆಯಿರಿ. ಮೋಟಾರಿಗೆ ಮಾತ್ರ ನೀರು ತಾಗಲೇಬಾರದು.

ಹೊಸದಾಗಿ ಕೂರಿಸಿದ ಫ್ಯಾನ್ ಗಾಳಿಯನ್ನು ಒಳಕ್ಕೇ ದೂಡುತ್ತಿದ್ದರೆ ಅದು ಬೇರೆಯೇ ದೋಷ. ಫೇಸ್ ಮತ್ತು ನ್ಯೂಟ್ರಲ್ ತಂತಿಗಳು ಅದಲುಬದಲಾದರೆ ತಿರುಗುವ ದಿಕ್ಕು ಬದಲಾಗುವುದಿಲ್ಲ. ಫ್ಯಾನನ್ನೇ ತಿರುವುಮುರುವಾಗಿ ಕೂರಿಸಿರಬಹುದು, ಇಲ್ಲವೇ ಮೋಟಾರಿಗೆ ಚಾಲನೆ ಕೊಡುವ ಕೆಪಾಸಿಟರಿನ ತಂತಿಯನ್ನು ತಪ್ಪಾಗಿ ಜೋಡಿಸಿರಬಹುದು. ಅದನ್ನು ಎಲೆಕ್ಟ್ರಿಷಿಯನ್ನರಿಂದಲೇ ಸರಿಪಡಿಸಿಕೊಳ್ಳಿ.