ಹಳೆ ಸ್ಕೂಟರ್ ಬ್ಯಾಟರಿ ಸೈಕಲ್‌ಗೆ ಆಗುತ್ತಾ?

ಪ್ರಶ್ನೆ: ನಮಸ್ಕಾರ್ರಿ ಸರ್. ನಮ್ಮನೇಲಿ ಲೈಸೆನ್ಸ್ ಬೇಡದ ಸಣ್ಣ ಎಲೆಕ್ಟ್ರಿಕ್ ಸ್ಕೂಟರ್ ಇತ್ತು. ಐದು ವರ್ಷ ಓಡಿಸಿದೆವು. ಲಿಥಿಯಂ ಬ್ಯಾಟರಿ, ಮೇಲೆ 48 ವೋಲ್ಟ್ 24 ಎಎಚ್ ಅಂತ ಇದೆ, ಚಾರ್ಜರ್ ಮೇಲೆ 54.6 ವೋಲ್ಟ್. ಮೊದಲು 45 ಕಿ.ಮೀ. ಬರುತ್ತಿತ್ತು, ಈಗ 22ಕ್ಕೇ ನಿಲ್ಲುತ್ತೆ. ಮಗಳು ಸೈಕಲ್ ಮೇಲೆ ಕಾಲೇಜಿಗೆ ಹೋಗ್ತಾಳೆ, ಹೋಗಿ ಬರೋದು 16 ಕಿ.ಮೀ. ಸೈಕಲ್‌ಗೆ ಮೋಟಾರ್ ಕೂರಿಸೋ 36 ವೋಲ್ಟ್ 250 ವ್ಯಾಟ್ ಕಿಟ್ ಕಡಿಮೆ ರೇಟಿಗೆ ಸಿಗ್ತಿದೆ. ಬಿಎಂಎಸ್ ಬೈಪಾಸ್ ಮಾಡಿದರೆ ಇನ್ನೂ ಜಾಸ್ತಿ ಓಡುತ್ತೆ ಅಂತ ಮೆಕ್ಯಾನಿಕ್ ಹೇಳಿದ. ತಗೊಳ್ಳಲಾ?
— ಓದುಗರು, ಶಹಾಬಾದ್

ಉತ್ತರ: ಕಿಟ್‌ಗೆ ಇನ್ನೂ ದುಡ್ಡು ಕೊಡಬೇಡಿ. ಮೊದಲು ಬ್ಯಾಟರಿ ನೋಡೋಣ, ಅದಕ್ಕೆ ಹೊಂದುವ ಕಿಟ್ ಆಮೇಲೆ.

ಸ್ಕೂಟರ್‌ಗೆ ಸಾಲದ ಬ್ಯಾಟರಿ ಸೈಕಲ್‌ಗೆ ಸಾಕಾಗಬಹುದು. ಲೆಕ್ಕ ಹಾಕಿ. 48 ವೋಲ್ಟನ್ನು 24 ಎಎಚ್ (ಆಂಪ್ ಅವರ್) ಇಂದ ಗುಣಿಸಿದರೆ ಹೊಸತರಲ್ಲಿ ಅದು ಹಿಡಿಯುತ್ತಿದ್ದ ಶಕ್ತಿ ಸುಮಾರು 1150 ವ್ಯಾಟ್ ಅವರ್. ಅರ್ಧಕ್ಕೆ ಇಳಿದರೂ 550ರ ಆಸುಪಾಸು ಉಳಿಯುತ್ತೆ. ನಿಮ್ಮ ಸ್ಕೂಟರ್ ಕಿಲೋಮೀಟರ್‌ಗೆ 25 ವ್ಯಾಟ್ ಅವರ್ ತಿನ್ನುತ್ತಿತ್ತು. ಸೈಕಲ್‌ಗೆ, ಅದೂ ಮಗಳು ಪೆಡಲ್ ತುಳಿಯುತ್ತಾ ಹೋದರೆ, 10ರಿಂದ 15 ಸಾಕು. 16 ಕಿ.ಮೀ.ಗೆ ಜಾಸ್ತಿ ಅಂದ್ರೂ 240. ಎರಡು ದಿನಕ್ಕೊಮ್ಮೆ ಚಾರ್ಜ್ ಮಾಡಿದರೂ ನಡೆಯುತ್ತೆ.

ಆದರೆ ಇದು ಬ್ಯಾಟರಿ ಒಳಗೆ ಎಲ್ಲಾ ಸೆಲ್ ಒಂದೇ ಸಮ ಹಳೆಯದಾಗಿದ್ದರೆ ಮಾತ್ರ. ಒಂದು ಸೆಲ್ ತುಂಬಿದಾಗ 4.2 ವೋಲ್ಟ್. ಚಾರ್ಜರ್‌ನ 54.6ನ್ನು ಅದರಿಂದ ಭಾಗಿಸಿದರೆ 13 ಬರುತ್ತೆ, ಅಂದರೆ ಒಳಗೆ ಸೆಲ್‌ಗಳ 13 ಗುಂಪು ಸಾಲಾಗಿ ಕೂತಿವೆ. ನಾನು ಒಂದು ಬ್ಯಾಟರಿ ಪರೀಕ್ಷೆ ಮಾಡಿದಾಗ 12 ಗುಂಪು 3.6 ವೋಲ್ಟ್‌ನಲ್ಲಿ ಆರಾಮಾಗಿದ್ದವು, ಒಂದೇ ಒಂದು 2.8ಕ್ಕೆ ಕುಸಿದಿತ್ತು. ಆ ಒಂದರ ಸಲುವಾಗಿ ಇಡೀ ಬ್ಯಾಟರಿ ಬಂದ್. ಬಂದ್ ಮಾಡಿದ್ದು ಬಿಎಂಎಸ್, ಅಂದರೆ ಸೆಲ್‌ಗಳನ್ನು ಕಾಯುವ ಸಣ್ಣ ಬೋರ್ಡ್. ನಿಮ್ಮ ಮೆಕ್ಯಾನಿಕ್ ಕಿತ್ತು ಹಾಕಿ ಅಂದದ್ದು ಅದನ್ನೇ. ದಯವಿಟ್ಟು ಆ ಮಾತು ಕೇಳಬೇಡಿ. ಕಾಯುವವರಿಲ್ಲದೆ ಆ ಸೋತ ಗುಂಪಿನಿಂದ ಇನ್ನೂ ಎಳೆದು, ಮತ್ತೆ ಅದಕ್ಕೇ ಚಾರ್ಜ್ ತುಂಬಿದರೆ ಬೆಂಕಿ ಹತ್ತಬಹುದು, ಮತ್ತು ಅದು ಹತ್ತೋದು ಮಗಳ ಸೀಟಿನ ಕೆಳಗೆ. ಒಂದೆರಡು ಹೊಸ ಸೆಲ್ ಹಾಕಿಸುವುದೂ ಬೇಡ, ಹಳೆ ಹೊಸ ಸೆಲ್ ಒಟ್ಟಿಗೆ ಬಾಳಲ್ಲ.

ಬ್ಯಾಟರಿ ಬಿಚ್ಚದೇ ಪರೀಕ್ಷೆ ಮಾಡಬಹುದು. ಫುಲ್ ಚಾರ್ಜ್ ಮಾಡಿ, ಮುಖ್ಯ ಸಾಕೆಟ್‌ನಲ್ಲಿ ಮಲ್ಟಿಮೀಟರ್ ಹಿಡಿಯಿರಿ. 54ರ ಮೇಲೆ ತೋರಿಸಬೇಕು. ಸೊನ್ನೆ ತೋರಿಸಿದರೆ ಅದು ಸ್ಕೂಟರ್‌ನಿಂದ ಸಿಗ್ನಲ್ ಬರದೆ ಕರೆಂಟ್ ಬಿಡದ ಬ್ಯಾಟರಿ ಇರಬಹುದು, ಅಂಥದ್ದು ಯಾವ ಕಿಟ್‌ಗೂ ಆಗಲ್ಲ. ಸರಿ ಇದ್ದರೆ ಒಂದು ವಾರ ಸುಮ್ನೆ ಬದಿಗಿಟ್ಟು ಮತ್ತೆ ನೋಡಿ. ಮೊದಲ ದಿನ ಸ್ವಲ್ಪ ಇಳಿಯುತ್ತೆ, ಆಮೇಲೂ ದಿನಾ ಇಳಿಯುತ್ತಾ ಹೋದರೆ ಆಸೆ ಬಿಡಿ.

ಇನ್ನು ಬಲ್ಬ್ ಟೆಸ್ಟ್. ಕಾರಿನ 12 ವೋಲ್ಟ್ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ನಾಲ್ಕು ತಗೊಳ್ಳಿ, ಒಂದರ ಬಾಲಕ್ಕೆ ಇನ್ನೊಂದರಂತೆ ಸೀರೀಸ್‌ನಲ್ಲಿ ಜೋಡಿಸಿ, ನಡುವೆ 20 ಆಂಪ್ ಫ್ಯೂಸ್ ಹಾಕಿ. ಬಲ್ಬ್ ಕೆಂಡದಂತೆ ಕಾಯುತ್ತವೆ, ನಿಮ್ಮೂರಿನ ಬಂಡೆ ಇದೆಯಲ್ಲ, ಅದರ ಮೇಲೇ ಇಡಿ. ಅಂಗಳದಲ್ಲಿ ಮಾಡಿ, ಪಕ್ಕದಿಂದ ಏಳಬೇಡಿ. ಸುಮಾರು ನಾಲ್ಕೂವರೆ ಆಂಪ್ ಎಳೆಯುತ್ತೆ. ಹತ್ತು ನಿಮಿಷಕ್ಕೊಮ್ಮೆ ವೋಲ್ಟ್ ಬರೆದುಕೊಳ್ಳಿ, 40ಕ್ಕೆ ನಿಲ್ಲಿಸಿ. ಎರಡೂವರೆ ಗಂಟೆ ಉರಿದರೆ 11 ಎಎಚ್ ಉಳಿದಿದೆ ಅಂತ ಅರ್ಥ, ಖುಷಿಯಿಂದ ಮುಂದುವರಿಯಿರಿ. ಮೀಟರ್ ಇನ್ನೂ 45, 46 ತೋರಿಸುತ್ತಿರುವಾಗಲೇ ಬಲ್ಬ್ ಪಟ್ಟನೆ ಆರಿದರೆ, ನಾನು ಹೇಳಿದ ಆ ಸೋತ ಗುಂಪು ನಿಮ್ಮದರಲ್ಲೂ ಇದೆ. ಅದನ್ನು ಸೈಕಲ್‌ಗೆ ಹಾಕಬೇಡಿ.

ಪಾಸಾದರೆ ಕಿಟ್. 36 ವೋಲ್ಟ್‌ದು ಬೇಡ. ಅದರ ಕಂಟ್ರೋಲರ್, ಅಂದರೆ ಮೋಟಾರ್‌ಗೆ ಕರೆಂಟ್ ಹದವಾಗಿ ಬಿಡುವ ಪೆಟ್ಟಿಗೆ, ಅದರ ಒಳಗೆ ಸಾಮಾನ್ಯವಾಗಿ 50 ವೋಲ್ಟ್ ತಡೆಯುವ ಕೆಪಾಸಿಟರ್ ಇರುತ್ತೆ, ನಿಮ್ಮ ಬ್ಯಾಟರಿ ತುಂಬಿದಾಗ 54.6. ಮೊದಲ ದಿನವೇ ಸಿಡಿಯಬಹುದು. ಸಿಡಿಯದಿದ್ದರೂ ಅದು ಬ್ಯಾಟರಿಯನ್ನು 31 ವೋಲ್ಟ್‌ವರೆಗೆ ಎಳೆಯಲು ನೋಡುತ್ತೆ, ನಿಮ್ಮದು 40ರಲ್ಲೇ ನಿಲ್ಲಬೇಕು. 48 ವೋಲ್ಟ್ 250 ವ್ಯಾಟ್ ಕಿಟ್ ಕೇಳಿ. 250 ವ್ಯಾಟ್ ದಾಟದೆ, ವೇಗ 25 ಕಿ.ಮೀ. ಒಳಗಿದ್ದರೆ ಲೈಸೆನ್ಸ್, ರಿಜಿಸ್ಟ್ರೇಷನ್ ತಾಪತ್ರಯ ಇಲ್ಲ. ಬ್ರೇಕ್ ಹಿಡಿದ ಕೂಡಲೇ ಮೋಟಾರ್ ನಿಲ್ಲಿಸುವ ಲಿವರ್ ಕಿಟ್‌ನಲ್ಲಿ ಇದೆಯಾ ನೋಡಿ, ಇರಲೇಬೇಕು. ಬ್ಯಾಟರಿಯ ಪ್ಲಸ್ ವೈರಿಗೆ, ಬ್ಯಾಟರಿ ಹತ್ತಿರದಲ್ಲೇ ಫ್ಯೂಸ್. ಭಾರ ಏಳೆಂಟು ಕೆ.ಜಿ. ಇರಬಹುದು, ಹಿಂದಿನ ಕ್ಯಾರಿಯರ್ ಮೇಲಿಟ್ಟರೆ ಸೈಕಲ್ ತೂಗಾಡುತ್ತೆ, ಫ್ರೇಮ್ ನಡುವೆ ಕೂರಿಸಲು ಜಾಗ ಮಾಡಿಸಿ. ಸೈಕಲ್‌ದು ಹಳೆ ಬ್ರೇಕ್ ರಬ್ಬರ್ ಆಗಿದ್ದರೆ ಅದನ್ನೂ ಬದಲಿಸಿ.

ಚಾರ್ಜರ್ ಮಾತ್ರ ಅದೇ 54.6ದ್ದು. ಲೆಡ್ ಆಸಿಡ್ ಬ್ಯಾಟರಿಯ ಚಾರ್ಜರ್ ಮೇಲೂ 48 ವೋಲ್ಟ್ ಅಂತಲೇ ಇರುತ್ತೆ, ಆದರೆ ಅದು 58, 59ರವರೆಗೆ ಏರುತ್ತೆ. ಮನೇಲಿ ಎರಡೂ ಇದ್ದರೆ ಒಂದಕ್ಕೆ ಕೆಂಪು ಟೇಪ್ ಸುತ್ತಿ. ನಮ್ಮ ಕಲಬುರಗಿ ಬಿಸಿಲು ಗೊತ್ತಲ್ವಾ, ಮೇ ತಿಂಗಳಲ್ಲಿ 42 ದಾಟುತ್ತೆ. ಕಾಲೇಜಿನ ಬಯಲಲ್ಲಿ ನಿಂತು ಬಂದ ಬ್ಯಾಟರಿ ಅದಕ್ಕಿಂತ ಬಿಸಿ ಇರುತ್ತೆ. 45 ಡಿಗ್ರಿ ಮೇಲೆ ಲಿಥಿಯಂ ಚಾರ್ಜ್ ಮಾಡಬಾರದು. ಕೈ ಇಟ್ಟರೆ ತಣ್ಣಗೆ ಅನ್ನಿಸೋವರೆಗೆ ಕಾಯಿರಿ, ಬೆಳಗ್ಗೆ ಎದ್ದ ಮೇಲೆ ಹಚ್ಚಿದರೆ ಇನ್ನೂ ಒಳ್ಳೆಯದು. ಪತ್ರಾಸಿನ ಶೆಡ್‌ನಲ್ಲಿ ಬೇಡ. ರಾತ್ರಿ ಎಲ್ಲರೂ ಮಲಗಿರುವಾಗ ಬಾಗಿಲ ಬಳಿ ಹಚ್ಚಿಡೋದಂತೂ ಬೇಡವೇ ಬೇಡ.

ಪ್ರಶ್ನೆ: ನನ್ನ ಹಳೆ ಇ-ಬೈಕ್ ಬ್ಯಾಟರಿ ಒಂದು ಕಡೆ ಉಬ್ಬಿದೆ. ಆದರೂ 50 ವೋಲ್ಟ್ ತೋರಿಸುತ್ತೆ. ಮನೆಯ ಲೈಟ್‌ಗಾದರೂ ಬಳಸಬಹುದಾ? ಇಲ್ಲ ಗುಜರಿಗೆ ಹಾಕಲಾ?
— ಓದುಗರು, ಹುಮನಾಬಾದ್

ಉತ್ತರ: ಎರಡೂ ಬೇಡ. ಉಬ್ಬಿದ ಲಿಥಿಯಂ ಬ್ಯಾಟರಿ ಎಷ್ಟು ವೋಲ್ಟ್ ತೋರಿಸಿದರೂ ಅದರ ಕೆಲಸ ಮುಗಿದಿದೆ. ಇನ್ನು ಚಾರ್ಜ್ ಮಾಡಬೇಡಿ, ಚುಚ್ಚಬೇಡಿ. ಮನೆಯಿಂದ ಹೊರಗೆ, ನೆರಳಲ್ಲಿ, ಒಣ ಜಾಗದಲ್ಲಿ ಕಲ್ಲಿನ ಮೇಲಿಡಿ, ವೈರ್ ತುದಿಗಳಿಗೆ ಬೇರೆಬೇರೆಯಾಗಿ ಟೇಪ್ ಸುತ್ತಿ. ಗುಜರಿ ಅಂಗಡಿಯಲ್ಲಿ ಅದನ್ನು ಸುತ್ತಿಗೆಯಿಂದ ಒಡೆಯುವವನು ಹದಿನೈದರ ಹುಡುಗ ಇರಬಹುದು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಿಸಿದ ಕಂಪನಿಯದು. ಬೈಕ್ ಕೊಂಡ ಡೀಲರ್‌ಗೆ ಮೊದಲು ಫೋನ್ ಮಾಡಿ, ಉಬ್ಬಿದೆ ಅಂತ ಹೇಳಿಯೇ ಒಯ್ಯಿರಿ. ಬಸ್ಸಲ್ಲಿ ಮಾತ್ರ ತಗೊಂಡು ಹೋಗಬೇಡಿ.