ನಾಲ್ಕು ವರ್ಷದ ಮಗ ಕೇಳಿದ್ದು ಸಿಗದಿದ್ದರೆ ನೆಲದಲ್ಲಿ ಹೊರಳಾಡುತ್ತಾನೆ, ಏನು ಮಾಡಲಿ?

ಪಾರ್ಕ್‌ನಿಂದ ಹೊರಡೋಣ ಅಂದರೆ ರಂಪ ಮಾಡುತ್ತಾನೆ, ಮೊಬೈಲ್ ಕೊಟ್ಟರಷ್ಟೇ ಸುಮ್ಮನಾಗುತ್ತಾನೆ ಅಂತ ಬರೆದಿದ್ದೀರಿ. ನನ್ನ ಮಗಳಿಗೆ ಈಗ ಏಳು ವರ್ಷ. ನಾಲ್ಕರಲ್ಲಿ ಅವಳೂ ಹೀಗೇ ಇದ್ದಳು.

ಒಂದು ಮಂಗಳವಾರ ಶಾಲೆಗೆ ರಜೆ ಇತ್ತು. ಹನುಮಂತನಗರದಿಂದ ಬನ್ನೇರುಘಟ್ಟಕ್ಕೆ ಹೋದೆವು. ಮಂಗಳವಾರ ಮೃಗಾಲಯಕ್ಕೂ ರಜೆ ಅನ್ನುವುದನ್ನು ನಾನು ನೋಡಿಕೊಂಡಿರಲಿಲ್ಲ. ಹಿಂದಿನ ರಾತ್ರಿಯಿಂದ "ಹುಲಿ, ಹುಲಿ" ಅನ್ನುತ್ತಿದ್ದವಳು ಮುಚ್ಚಿದ ಗೇಟ್ ನೋಡಿ ಅಲ್ಲೇ ಕೂತು ಕಿರುಚಿದಳು. ಐಸ್‌ಕ್ರೀಮ್ ಕೊಡಿಸ್ತೀನಿ ಅಂದೆ. ಎಲ್ಲರೂ ನೋಡ್ತಿದ್ದಾರೆ ಅಂದೆ. ನಾಳೆ ಬರೋಣ ಅಂತಲೂ ಅಂದೆ, ನಾಳೆ ಶಾಲೆ ಇದೆ ಅಂತ ಗೊತ್ತಿದ್ದೂ. ಒಂದೊಂದು ಮಾತಿಗೂ ಅಳು ಜಾಸ್ತಿಯಾಯಿತು.

ಕೊನೆಗೆ ಅವಳ ಪಕ್ಕ ಕೂತೆ. "ಹುಲಿ ನೋಡಬೇಕು ಅಂತ ತುಂಬಾ ಆಸೆ ಇತ್ತು, ಅಲ್ವಾ?" ಅಂದೆ. ಹೂಂ ಅಂದಳು. ಮಡಿಲಿಗೆ ಬಂದು ಇನ್ನೂ ಹತ್ತು ನಿಮಿಷ ಅತ್ತಳು. ಆದರೆ ಆ ಅಳು ಬೇರೆ. ಸಿಟ್ಟು ಇಳಿದು ದುಃಖ ಮಾತ್ರ ಉಳಿದಿತ್ತು. ಆಮೇಲೆ ತಾನೇ ಕಣ್ಣು ಒರೆಸಿಕೊಂಡು ನೀರು ಕೇಳಿದಳು.

ಮೊಬೈಲ್ ಬೇಡ ಅನ್ನುವುದು ಇದಕ್ಕೇ. ಕೊಟ್ಟರೆ ಅಳು ನಿಲ್ಲುತ್ತದೆ, ನಿಜ. ಆದರೆ ಎಷ್ಟೇ ದೊಡ್ಡ ಅಳುವಾದರೂ ತಾನಾಗಿ ಇಳಿಯುತ್ತದೆ ಅನ್ನುವುದು ಮಗುವಿಗೆ ಗೊತ್ತಾಗುವುದೇ ಇಲ್ಲ. ಭಾವನೆಗಳನ್ನು ಹಿಡಿತದಲ್ಲಿಡುವ ಮಿದುಳಿನ ಭಾಗ ಪೂರ್ತಿ ಬೆಳೆಯುವುದಕ್ಕೆ ಸುಮಾರು 25 ವರ್ಷ ಬೇಕು. ನಾಲ್ಕು ವರ್ಷದವನು ಬೇಕಂತಲೇ ಹಠ ಮಾಡುತ್ತಿದ್ದಾನೆ ಅಂದುಕೊಳ್ಳಬೇಡಿ. ಅಳುವಾಗ ಬುದ್ಧಿ ಹೇಳಿದರೆ ತಲೆಗೆ ಹೋಗುವುದಿಲ್ಲ.

ಹಾಗಂತ ಕೇಳಿದ್ದೆಲ್ಲ ಕೊಡಬೇಡಿ. "ಇಲ್ಲ" ಅಂದಿದ್ದು ಇಲ್ಲವೇ. ಅಳಲಿ, ಆದರೆ ಹೊಡೆಯಲು ಬಂದರೆ ಮೆತ್ತಗೆ ಕೈ ಹಿಡಿದುಕೊಳ್ಳಿ. ಪಾರ್ಕ್‌ನಲ್ಲಿ "ಇನ್ನು ಎರಡು ಸಲ ಜಾರುಬಂಡಿ, ಆಮೇಲೆ ಮನೆ" ಅಂತ ಮೊದಲೇ ಹೇಳಿ. ಹಸಿವು, ನಿದ್ದೆ ಇದ್ದಾಗ ರಂಪ ದುಪ್ಪಟ್ಟು, ಅದನ್ನೂ ಗಮನಿಸಿ.

ನಮ್ಮಲ್ಲಿ ಎಲ್ಲದಕ್ಕೂ "ಬೇಜಾರು" ಅಂದುಬಿಡುತ್ತೇವೆ. ಸಿಟ್ಟು, ಹೆದರಿಕೆ, ಹೊಟ್ಟೆಕಿಚ್ಚು, ಆಸೆಪಟ್ಟಿದ್ದು ಸಿಗದ ಸಂಕಟ, ಒಂದೊಂದಕ್ಕೂ ಅದರದೇ ಹೆಸರು ಹೇಳಿಕೊಡಿ. ಸಮಾಧಾನವಾಗಿರುವಾಗ ಹಾವು ಏಣಿ ಆಡಿ, ಒಮ್ಮೊಮ್ಮೆ ಅವನು ಸೋಲಲಿ. ನನ್ನ ಮಗಳು ಮೊದಲು ದಾಳ ಎಸೆದು ಎದ್ದು ಹೋಗುತ್ತಿದ್ದಳು. ಈಗ "ನಂಗೆ ಸಿಟ್ಟು ಬಂತು, ಇನ್ನೊಂದು ಆಟ" ಅನ್ನುತ್ತಾಳೆ.

ಅತ್ತೆ "ಗುಮ್ಮ ಬರ್ತಾನೆ" ಅಂತ ಹೆದರಿಸುತ್ತಾರೆ ಅಂತಲೂ ಬರೆದಿದ್ದೀರಿ. ವಾದ ಬೇಡ. "ಅತ್ತೆ, ಇವನನ್ನು ಸ್ವಲ್ಪ ತೊಡೆ ಮೇಲೆ ಕೂರಿಸಿಕೊಳ್ಳಿ" ಅಂತ ಕೇಳಿ ನೋಡಿ.

ತನಗೆ ತಾನೇ ಗಾಯ ಮಾಡಿಕೊಂಡರೆ, ಅಳುತ್ತಾ ಉಸಿರು ಕಟ್ಟಿದರೆ, ಐದು ದಾಟಿದರೂ ದಿನಕ್ಕೆ ಹಲವು ಸಲ ಹೀಗಾದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ನಿಮಗೇ ಕೈಸೋತಂತೆ ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.