ಕಾಲಮ್ ಹಾಕಿದ ಮೇಲೆ ಸಾರದ ಗುಣ ಹೋದರೆ

ಎಲೆಯ ಮೆಥನಾಲ್ ಸಾರ ಬ್ಯಾಕ್ಟೀರಿಯಾ ಕೊಲ್ಲುತ್ತಿತ್ತು, ಸಿಲಿಕಾ ಕಾಲಮ್ (ಸಾರದ ಅಂಶಗಳನ್ನು ಬೇರ್ಪಡಿಸಲು ಸಿಲಿಕಾ ಪುಡಿ ತುಂಬಿದ ಕೊಳವೆ) ಹಾಕಿದ ಮೇಲೆ ಯಾವ ಫ್ರ್ಯಾಕ್ಷನ್ನೂ, ಅಂದರೆ ಬೇರ್ಪಟ್ಟು ಬಂದ ಯಾವ ಭಾಗವೂ, ಕೆಲಸ ಮಾಡುತ್ತಿಲ್ಲ ಅಂದಿರಲ್ಲ, ಗಾಬರಿ ಬೇಡ. ಇದು ತುಂಬಾ ಜನರಿಗೆ ಆಗುತ್ತದೆ.

ಮೊದಲು ಎಲ್ಲ ಫ್ರ್ಯಾಕ್ಷನ್‌ಗಳನ್ನೂ ಅವು ಬಂದ ಪ್ರಮಾಣದಲ್ಲೇ ಸ್ವಲ್ಪ ಸ್ವಲ್ಪ ಬೆರೆಸಿ ಮತ್ತೆ ಪರೀಕ್ಷಿಸಿ. ಗುಣ ವಾಪಸ್ ಬಂದರೆ ಎರಡು-ಮೂರು ಅಂಶ ಒಟ್ಟಾಗಿ ಕೆಲಸ ಮಾಡುತ್ತಿರಬಹುದು. ಬರದಿದ್ದರೆ ಕೆಲಸ ಮಾಡುತ್ತಿದ್ದ ಅಂಶ ಸಿಲಿಕಾಗೆ ಅಂಟಿಕೊಂಡಿರಬೇಕು, ಇಲ್ಲವೇ ಕೆಟ್ಟಿರಬೇಕು. ಕಾಲಮ್‌ನ ಮೇಲ್ತುದಿಯಲ್ಲಿ ಕಂದು ಪಟ್ಟಿ ಇಳಿಯದೆ ಹಾಗೇ ನಿಂತಿದೆಯಾ ನೋಡಿ. ಅದು ಟ್ಯಾನಿನ್ (ಗಿಡಗಳಲ್ಲಿರುವ ಒಗರು ಅಂಶ) ಆಗಿರುವ ಸಾಧ್ಯತೆ ಜಾಸ್ತಿ, ಮತ್ತು ಟ್ಯಾನಿನ್ ಸಿಕ್ಕಸಿಕ್ಕ ಪ್ರೋಟೀನನ್ನೆಲ್ಲ ಹಿಡಿದುಕೊಳ್ಳುವುದರಿಂದ ನೀವು ಮೊದಲು ನೋಡಿದ ಗುಣವೇ ಅದರದ್ದಾಗಿರಬಹುದು.

ರೋಟರಿಯಲ್ಲಿ (ದ್ರಾವಕವನ್ನು ಆವಿ ಮಾಡಿ ತೆಗೆಯುವ ಯಂತ್ರ) ಎಷ್ಟು ಬಿಸಿ ಕೊಟ್ಟಿರಿ? ಬಿಸಿ ಜಾಸ್ತಿಯಾದರೂ ಅಂಶ ಕೆಡಬಹುದು. 40 ಡಿಗ್ರಿ ದಾಟಿಸಬೇಡಿ. 1971ರಲ್ಲಿ ಚೀನಾದ ವಿಜ್ಞಾನಿ ತು ಯೂಯೂ ತಂಡಕ್ಕೆ ಮಲೇರಿಯಾ ಔಷಧ ಆರ್ಟಿಮಿಸಿನಿನ್‌ನ ದಾರಿ ತೆರೆದಿದ್ದೇ, ಸುಮಾರು 35 ಡಿಗ್ರಿಗೇ ಕುದಿಯುವ ಈಥರ್‌ನಲ್ಲಿ ಸಾರ ತೆಗೆದ ಮೇಲೆ.

ಇನ್ನೊಂದು ಮಾತು. ಎನ್‌ಎಂಆರ್‌ಗಾಗಿ (ಅಣುವಿನ ರಚನೆ ತಿಳಿಯುವ ಪರೀಕ್ಷೆ) ತಿಂಗಳುಗಟ್ಟಲೆ ಶುದ್ಧ ಮಾಡುವ ಮುಂಚೆ ಸಾರವನ್ನು ಒಮ್ಮೆ ಎಲ್‌ಸಿ-ಎಂಎಸ್‌ಗೆ (ಅಂಶಗಳನ್ನು ಬೇರ್ಪಡಿಸಿ ಅವುಗಳ ತೂಕದಿಂದ ಗುರುತಿಸುವ ಯಂತ್ರ) ಹಾಕಿ ನೋಡಿ. ಬಹಳಷ್ಟು ಗಿಡಗಳಲ್ಲಿ ಸಿಗುವ, ಈಗಾಗಲೇ ಗೊತ್ತಿರುವ ಕ್ವೆರ್ಸೆಟಿನ್ ಥರದ್ದೇ ಆಗಿದ್ದರೆ ಸುಮ್ನೆ ಯಾಕೆ ಅಷ್ಟು ಕಷ್ಟ, ಅಲ್ವಾ?